ಶಾಂತಲಾದೇವಿ: ಅಜ್ಜಿ, ತಾಯಿ, ಮಗಳು – ಮೂರು ತಲೆಮಾರಿನ ಸಂಸ್ಕಾರದ ಕಥೆ

ಶ್ರವಣಬೆಳಗೊಳಕ್ಕೆ ಯಾತ್ರೆ ಹೋದವರು ಸಾಮಾನ್ಯವಾಗಿ ಮೊದಲು ದೊಡ್ಡಬೆಟ್ಟವನ್ನು ಹತ್ತಿ ಬಾಹುಬಲಿ ಸ್ವಾಮಿಯ ದರ್ಶನ ಪಡೆಯುತ್ತಾರೆ. ಸಮಯ ಉಳಿದರೆ ಎದುರಿನ ಚಿಕ್ಕಬೆಟ್ಟಕ್ಕೆ, ಅಂದರೆ ಚಂದ್ರಗಿರಿಗೆ ಹೋಗುತ್ತಾರೆ. ಅಲ್ಲಿನ ಬಸದಿಗಳ ನಡುವೆ ಸವತಿಗಂಧವಾರಣ ಬಸದಿ ಇದೆ. ಇದನ್ನು ಕಟ್ಟಿಸಿದವಳು ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆ. ಬಸದಿಯ ಸಮೀಪದ ಮಂಟಪದಲ್ಲಿ ಒಂದು ದೀರ್ಘ ಶಾಸನವಿದೆ. ಅದು ಶಾಂತಲೆಯ ಮರಣವನ್ನೂ, ಆ ಮಗಳನ್ನು ಕಳೆದುಕೊಂಡ ತಾಯಿ ಮಾಚಿಕಬ್ಬೆ ಅದೇ ಕ್ಷೇತ್ರದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದನ್ನೂ ಹೇಳುತ್ತದೆ. ಮಗಳು ಕಟ್ಟಿಸಿದ ಬಸದಿ, ತಾಯಿಯ ನೆನಪಿನ ಕಲ್ಲು ಎರಡೂ ಒಂದೇ ಬೆಟ್ಟದ ಮೇಲೆ ಒಂದಕ್ಕೊಂದು ಹತ್ತಿರದಲ್ಲಿವೆ.

ಶಾಂತಲೆ ಎಂದಕೂಡಲೇ ನಮಗೆ ನೆನಪಾಗುವುದು ಬೇಲೂರು, ನೃತ್ಯ, ಮದನಿಕೆಯರು. ಕೆ.ವಿ. ಅಯ್ಯರ್ ಮತ್ತು ಸಿ.ಕೆ. ನಾಗರಾಜರಾವ್ ಅವರ ಕಾದಂಬರಿಗಳ ಮೂಲಕ ಆಕೆ ಕನ್ನಡದ ಮನೆಮನೆಗೂ ಪರಿಚಿತಳು. ಆದರೆ ಈ ರಾಣಿ ಯಾರ ಮಗಳು, ಯಾರ ಮೊಮ್ಮಗಳು, ಆಕೆಯ ಧರ್ಮಶ್ರದ್ಧೆ ಯಾವ ಮನೆಯಿಂದ ಬಂತು ಎಂಬುದನ್ನು ನಾವು ಕೇಳುವುದು ಕಡಿಮೆ. ಆ ಪ್ರಶ್ನೆಗೆ ಉತ್ತರ ಚಿಕ್ಕಬೆಟ್ಟದ ಕಲ್ಲಿನಲ್ಲೇ ಇದೆ.

ತಾಯಿಯ ಮನೆತನ

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ. ತಾಯಿ ಮಾಚಿಕಬ್ಬೆ. ಮಾಚಿಕಬ್ಬೆ ಹುಟ್ಟಿದ್ದು ದಂಡನಾಯಕರ ಮನೆತನದಲ್ಲಿ. ಶಾಸನವು ಆ ಮನೆತನವನ್ನು ಕ್ರಮವಾಗಿ ಹೇಳುತ್ತದೆ. ದಂಡನಾಯಕ ನಾಗವರ್ಮ ಮತ್ತು ಅವನ ಪತ್ನಿ ಚಂದಿಕಬ್ಬೆ. ಅವರ ಮಗ ದಂಡನಾಯಕ ಬಲದೇವ ಮತ್ತು ಅವನ ಪತ್ನಿ ಬಾಚಿಕಬ್ಬೆ. ಬಲದೇವ ಮತ್ತು ಬಾಚಿಕಬ್ಬೆಯರ ಮಗಳು ಮಾಚಿಕಬ್ಬೆ. ಮಾಚಿಕಬ್ಬೆಯ ಸಹೋದರ ಸಿಂಗಿಮಯ್ಯನೂ ಜಿನಭಕ್ತನೇ. ಅವನ ನೆನಪಿಗೂ ಬೆಳಗೊಳದಲ್ಲಿ ನಿಷಿಧಿ ಶಾಸನವಿದೆ.

ಈ ವಂಶಾವಳಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗಂಡಸರ ಹೆಸರು, ಪದವಿ ಹೇಳಿ ಮುಗಿಸಿದ್ದರೆ ಅದು ಸಾಮಾನ್ಯ ವಂಶಾವಳಿಯಾಗುತ್ತಿತ್ತು. ಇಲ್ಲಿ ಪ್ರತಿ ತಲೆಮಾರಿನಲ್ಲೂ ಗೃಹಿಣಿಯ ಹೆಸರಿದೆ. ಚಂದಿಕಬ್ಬೆ, ಬಾಚಿಕಬ್ಬೆ, ಮಾಚಿಕಬ್ಬೆ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಆ ಕಾಲದ ಕುಲಸ್ತ್ರೀಯರ ಹೆಸರಿನ ಕೊನೆಯಲ್ಲಿ ಗೌರವಕ್ಕಾಗಿ ಈ ಪದ ಸೇರುತ್ತಿತ್ತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರೂ ಹೀಗೆಯೇ ಆದದ್ದು. ಹೀಗೆ ಶಾಂತಲೆಯ ತಾಯಿಯ ಕಡೆಯ ಹಿರಿಯರನ್ನು ನೆನೆಯುವಾಗ ಆಕೆಯ ಅಜ್ಜಿ ಬಾಚಿಕಬ್ಬೆಯೂ ಅಜ್ಜನ ತಾಯಿ ಚಂದಿಕಬ್ಬೆಯೂ ಮರೆಯಾಗದೆ ಉಳಿದಿದ್ದಾರೆ. ದಂಡನಾಯಕರು ಯುದ್ಧಕ್ಕೆ, ರಾಜಕಾರ್ಯಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ಪೂಜೆ, ದಾನ, ವ್ರತ, ಮುನಿಗಳ ಆಹಾರದಾನ ಮೊದಲಾದವು ತಪ್ಪದೆ ನಡೆಯಬೇಕಾದರೆ ಅದನ್ನು ನಡೆಸುವವರು ಮನೆಯ ಹೆಂಗಸರು. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಆ ಜವಾಬ್ದಾರಿ ಬರುತ್ತಿತ್ತು.

ತಂದೆ ಶಿವಭಕ್ತ, ತಾಯಿ ಜಿನಭಕ್ತೆ

ಮಾರಸಿಂಗಯ್ಯನು ಶೈವ. ಮಾಚಿಕಬ್ಬೆಯು ಜೈನ ಶ್ರಾವಕಿ. ಒಂದೇ ಮನೆಯಲ್ಲಿ ಎರಡು ಧರ್ಮಗಳ ಆಚರಣೆ. ಹನ್ನೆರಡನೆಯ ಶತಮಾನದ ಆರಂಭದ ಕರ್ನಾಟಕದಲ್ಲಿ ಇಂತಹ ಸಂಸಾರಗಳು ಅಪರೂಪವಾಗಿರಲಿಲ್ಲ. ಮದುವೆಯಾಗಿ ಬಂದ ಹೆಣ್ಣು ಗಂಡನ ದೇವರನ್ನೇ ಒಪ್ಪಿಕೊಂಡು ತನ್ನ ತವರಿನ ಧರ್ಮವನ್ನು ಬಿಡಬೇಕೆಂಬ ಒತ್ತಾಯ ಆ ಮನೆಗಳಲ್ಲಿ ಇರಲಿಲ್ಲ. ಮಾಚಿಕಬ್ಬೆ ಕೊನೆಯವರೆಗೂ ಜಿನಧರ್ಮದಲ್ಲೇ ಉಳಿದಳು. ಅಷ್ಟೇ ಅಲ್ಲ, ಮಗಳು ಶಾಂತಲೆಯೂ ತಾಯಿಯ ಧರ್ಮವನ್ನೇ ಹಿಡಿದಳು.

ಶಾಂತಲೆಗೆ ಶಾಸನಗಳು ಕೊಡುವ ಬಿರುದುಗಳಲ್ಲಿ ಸಮ್ಯಕ್ತ್ವಚೂಡಾಮಣಿ ಎಂಬುದು ಒಂದು. ಶ್ರದ್ಧೆಯೆಂಬ ಸಮ್ಯಕ್ತ್ವವನ್ನು ತಲೆಯ ಮೇಲಿನ ರತ್ನದಂತೆ ಧರಿಸಿದವಳು ಎಂಬ ಅರ್ಥ ಅದಕ್ಕಿದೆ. ಜಿನಗಂಧೋದಕದಿಂದ ಪವಿತ್ರವಾದ ಶಿರಸ್ಸುಳ್ಳವಳೆಂದೂ, ಜಿನಧರ್ಮದ ಕಥೆಗಳನ್ನು ಹೇಳಿ ಕೇಳುವುದರಲ್ಲಿ ಸಂತೋಷಪಡುವವಳೆಂದೂ, ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ನಿರತಳೆಂದೂ ಆಕೆಯನ್ನು ವರ್ಣಿಸಲಾಗಿದೆ.

ಈ ಮಾತುಗಳನ್ನು ಬರಿಯ ಹೊಗಳಿಕೆಯೆಂದು ದಾಟಿಹೋಗಬಾರದು. ಅಭಿಷೇಕವಾದ ಮೇಲೆ ಗಂಧೋದಕವನ್ನು ಮಕ್ಕಳ ನೆತ್ತಿಗೆ ಹಚ್ಚುವವರು ಯಾರು? ರಾತ್ರಿ ಮಲಗುವ ಮುನ್ನ ತೀರ್ಥಂಕರರ ಕಥೆ ಹೇಳುವವರು ಯಾರು? ಮುನಿಗಳು ಬಂದಾಗ ಪಡಗಾಹಿಸಿ ಆಹಾರ ಕೊಡುವ ಕ್ರಮವನ್ನು ಕೈಹಿಡಿದು ಕಲಿಸುವವರು ಯಾರು? ಇಂದಿಗೂ ಜೈನ ಮನೆಗಳಲ್ಲಿ ಈ ಕೆಲಸ ತಾಯಿಯದು, ಅಜ್ಜಿಯದು. ರಾಣಿಯ ಬಿರುದುಗಳಾಗಿ ಕಲ್ಲಿನಲ್ಲಿ ಕೊರೆಯಲ್ಪಟ್ಟ ಗುಣಗಳು ಅರಮನೆಯಲ್ಲಿ ಕಲಿತವಲ್ಲ. ಅವು ತವರಿನ ಅಡುಗೆಮನೆಯಲ್ಲಿ, ದೇವರಕೋಣೆಯಲ್ಲಿ, ಬಸದಿಯ ಅಂಗಳದಲ್ಲಿ ರೂಢಿಯಾಗುವ ಗುಣಗಳು.

ತಂದೆಯ ಕಡೆಯಿಂದಲೂ ಶಾಂತಲೆಗೆ ಒಂದು ಪಾಠ ದೊರೆಯಿತು. ಬೇರೆ ದೇವರನ್ನು ಪೂಜಿಸುವವರು ಶತ್ರುಗಳಲ್ಲ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ನಮ್ಮವರೇ ಎಂಬ ಪಾಠ ಅದು. ಮುಂದೆ ಆಕೆಗೆ ಅದು ಬಹಳ ಉಪಯೋಗಕ್ಕೆ ಬಂತು. ನಾಲ್ಕು ಸಮಯಗಳನ್ನು, ಅಂದರೆ ನಾಲ್ಕು ಮತಗಳನ್ನು ಉದ್ಧರಿಸಿದವಳೆಂಬ ಬಿರುದು ಆಕೆಗೆ ಬಂದದ್ದು ಸುಮ್ಮನೆ ಅಲ್ಲ.

ಗುರುಪರಂಪರೆ

ಶಾಂತಲೆಯ ಗುರುಗಳು ಮೂಲಸಂಘ, ದೇಶೀಯಗಣ, ಪುಸ್ತಕಗಚ್ಛದ ಪ್ರಭಾಚಂದ್ರ ಸಿದ್ಧಾಂತದೇವರು. ಅವರು ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರು. ಮೇಘಚಂದ್ರರು 1115ರಲ್ಲಿ ಸಮಾಧಿ ಹೊಂದಿದರು. ಅವರ ನಿಷಿಧಿಯನ್ನು ಪ್ರಭಾಚಂದ್ರರು ಮಹಾಪ್ರಧಾನ ಗಂಗರಾಜನ ಮೂಲಕ ಮಾಡಿಸಿದರು. ಶಾಂತಲೆಗೆ ಗುರುಗಳಾಗಿದ್ದ ಇದೇ ಪ್ರಭಾಚಂದ್ರರು ಮುಂದೆ ಮಾಚಿಕಬ್ಬೆಯ ಸಲ್ಲೇಖನದ ಸಮಯದಲ್ಲೂ ಉಪಸ್ಥಿತರಿದ್ದರು. ಹೀಗೆ ತಾಯಿ ಮಗಳಿಬ್ಬರೂ ಒಂದೇ ಗುರುಕುಲದ ಆಶ್ರಯದಲ್ಲಿದ್ದವರು. ರಕ್ತಸಂಬಂಧದ ಜೊತೆಗೆ ಗುರುಸಂಬಂಧವೂ ಸೇರಿ ಅವರ ಬಾಂಧವ್ಯವನ್ನು ಗಟ್ಟಿಗೊಳಿಸಿತ್ತು.

ನೃತ್ಯ, ಗೀತ, ವಾದ್ಯ

ಶಾಂತಲೆ ಸಂಗೀತ, ವಾದ್ಯ ಮತ್ತು ನೃತ್ಯಗಳಲ್ಲಿ ನಿಪುಣೆಯಾಗಿದ್ದಳೆಂದು ಶಾಸನಗಳು ಒಕ್ಕೊರಲಿನಿಂದ ಹೇಳುತ್ತವೆ. ನೃತ್ಯದಲ್ಲಿ ಹೊಸ ಬಗೆಗಳನ್ನು ನಡೆಸಿದವಳೆಂಬ ಅರ್ಥದ ಬಿರುದು ಆಕೆಗಿತ್ತು. ಬುದ್ಧಿಯಲ್ಲಿ ಬೃಹಸ್ಪತಿಗೂ, ಸಮಯಸ್ಫೂರ್ತಿಯ ಮಾತಿನಲ್ಲಿ ವಾಚಸ್ಪತಿಗೂ ಆಕೆಯನ್ನು ಹೋಲಿಸಲಾಗಿದೆ. ಆ ಕಾಲದಲ್ಲಿ ಪಟ್ಟದರಾಣಿಯೊಬ್ಬಳು ತನ್ನ ಕಲಾನೈಪುಣ್ಯವನ್ನು ಮರೆಮಾಡದೆ, ಅದನ್ನೇ ತನ್ನ ಗೌರವದ ಗುರುತಾಗಿ ಕಲ್ಲಿನಲ್ಲಿ ಬರೆಯಿಸಿದ್ದು ವಿಶೇಷ.

ವ್ರತನಿಷ್ಠೆಯ ಜೈನ ಮನೆಯಲ್ಲಿ ನೃತ್ಯಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಜೈನ ಪುರಾಣಗಳನ್ನು ಬಲ್ಲವರಿಗೆ ಈ ಸಂದೇಹ ಬಾರದು. ತೀರ್ಥಂಕರರ ಜನ್ಮಕಲ್ಯಾಣದ ಸಮಯದಲ್ಲಿ ದೇವೇಂದ್ರನೇ ಆನಂದದಿಂದ ನರ್ತಿಸುತ್ತಾನೆ. ಆದಿನಾಥ ಸ್ವಾಮಿಗೆ ವೈರಾಗ್ಯ ಮೂಡಿದ್ದು ನೀಲಾಂಜನೆಯ ನೃತ್ಯವನ್ನು ನೋಡುತ್ತಿದ್ದಾಗ. ನರ್ತಿಸುತ್ತಿರುವಂತೆಯೇ ನೀಲಾಂಜನೆಯ ಆಯುಸ್ಸು ಮುಗಿಯಿತು. ರಸಭಂಗವಾಗದಂತೆ ಇಂದ್ರನು ಅವಳ ಸ್ಥಾನದಲ್ಲಿ ಅವಳಂತಹ ಮತ್ತೊಂದು ರೂಪವನ್ನು ತಂದರೂ ಸ್ವಾಮಿಯ ಕಣ್ಣಿಗೆ ಆ ಬದಲಾವಣೆ ತಪ್ಪಲಿಲ್ಲ. ಮಹಾಕವಿ ಪಂಪ 941ರಲ್ಲಿ ರಚಿಸಿದ ಆದಿಪುರಾಣದ ಮೂಲಕ ಈ ಕಥೆ ಕನ್ನಡ ಜೈನರಲ್ಲಿ ನೆಲೆಯೂರಿತ್ತು. ನೃತ್ಯವು ಪೂಜೆಯೂ ಹೌದು, ಬದುಕಿನ ಅನಿತ್ಯತೆಯನ್ನು ತೋರಿಸುವ ದೀಪವೂ ಹೌದು ಎಂಬ ತಿಳಿವಳಿಕೆ ಜಿನಕಥೆಗಳನ್ನು ಕೇಳಿ ಬೆಳೆದ ಹೆಣ್ಣುಮಕ್ಕಳಿಗೆ ಇದ್ದೇ ಇತ್ತು. ಕಲೆ ಮತ್ತು ಸಂಯಮ ಒಂದೇ ಬದುಕಿನಲ್ಲಿ ಹೇಗೆ ಇರಬಲ್ಲವು ಎಂಬುದಕ್ಕೆ ಶಾಂತಲೆಯ ಜೀವನವೇ ಉದಾಹರಣೆ.

ಪಟ್ಟಮಹಾದೇವಿ

ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ. ತಂದೆ ಎರೆಯಂಗ, ತಾಯಿ ಏಚಲದೇವಿ. ಅಣ್ಣ ಒಂದನೆಯ ಬಲ್ಲಾಳನ ನಂತರ ಅವನು ಪಟ್ಟಕ್ಕೆ ಬಂದ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದು ತಲಕಾಡುಗೊಂಡ ಎನಿಸಿದ. ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ, ಅಂದರೆ ಇಂದಿನ ಚನ್ನಕೇಶವನ, ಪ್ರತಿಷ್ಠೆ ನಡೆಯಿತು. ರಾಜನು ಶ್ರೀವೈಷ್ಣವ ಧರ್ಮದ ಕಡೆಗೆ ಒಲಿದದ್ದು ಎಲ್ಲರಿಗೂ ತಿಳಿದ ವಿಷಯ.

ಇದು ಶಾಂತಲೆಗೆ ಪರೀಕ್ಷೆಯ ಕಾಲ. ಗಂಡ ಒಂದು ಧರ್ಮದ ಕಡೆಗೆ, ತಾನು ಇನ್ನೊಂದು ಧರ್ಮದಲ್ಲಿ. ಆದರೆ ಇಂತಹ ಸಂಸಾರ ಆಕೆಗೆ ಹೊಸದಾಗಿರಲಿಲ್ಲ. ತಾಯಿ ಮಾಚಿಕಬ್ಬೆ ಶಿವಭಕ್ತ ಗಂಡನೊಂದಿಗೆ ಹೇಗೆ ಗೌರವದಿಂದ, ತನ್ನ ಶ್ರದ್ಧೆಯನ್ನು ಬಿಡದೆ ಬಾಳಿದ್ದಳೋ ಹಾಗೆಯೇ ಶಾಂತಲೆಯೂ ಬಾಳಿದಳು. ಬೇಲೂರಿನ ದೊಡ್ಡ ದೇವಾಲಯದ ಆವರಣದಲ್ಲೇ ಇರುವ ಕಪ್ಪೆ ಚೆನ್ನಿಗರಾಯನ ಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದವಳು ಶಾಂತಲೆಯೇ. ಹಳೇಬೀಡಿನ ಜೋಡಿ ಗರ್ಭಗುಡಿಗಳ ಮಹಾದೇವಾಲಯದಲ್ಲಿ ಒಂದು ಹೊಯ್ಸಳೇಶ್ವರ, ಇನ್ನೊಂದು ಆಕೆಯ ಹೆಸರಿನ ಶಾಂತಲೇಶ್ವರ. ಹಾಸನದ ಬಳಿಯ ಶಾಂತಿಗ್ರಾಮವೂ ಆಕೆಯ ಹೆಸರನ್ನೇ ಹೊತ್ತಿದೆ. ಬೇಲೂರಿನ ಮದನಿಕೆಯರಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿಗೆ ಶಾಂತಲೆಯೇ ಮಾದರಿಯೆಂದು ಜನ ಹೇಳುತ್ತಾ ಬಂದಿದ್ದಾರೆ. ಅದು ಜನರ ಪ್ರೀತಿಯ ಮಾತು.

ಇಷ್ಟೆಲ್ಲ ಆದರೂ ಆಕೆ ತನ್ನ ಇಷ್ಟದ ಬಸದಿಯನ್ನು ಕಟ್ಟಿಸಿದ್ದು ಬೇಲೂರಿನಲ್ಲೂ ಅಲ್ಲ, ರಾಜಧಾನಿ ದೋರಸಮುದ್ರದಲ್ಲೂ ಅಲ್ಲ. ತಾಯಿಯ ಮನೆತನದವರು ಸಮಾಧಿಗಾಗಿ, ದರ್ಶನಕ್ಕಾಗಿ ನಡೆದುಬರುತ್ತಿದ್ದ ಬೆಳಗೊಳದಲ್ಲಿ.

ಸುತ್ತಲಿದ್ದ ಶ್ರಾವಕಿಯರು

ಶಾಂತಲೆ ಒಬ್ಬಳೇ ಎದ್ದು ನಿಂತ ಮಹಿಳೆಯಲ್ಲ. ಆ ಹತ್ತು ಹದಿನೈದು ವರ್ಷಗಳಲ್ಲಿ ಹೊಯ್ಸಳ ರಾಜ್ಯದಲ್ಲಿ ಶ್ರಾವಕಿಯರ ಒಂದು ದೊಡ್ಡ ಬಳಗವೇ ಇತ್ತು. ಗಂಗರಾಜನ ತಾಯಿ ಪೋಚಿಕಬ್ಬೆ ಬೆಳಗೊಳ ಮತ್ತಿತರ ಸ್ಥಳಗಳಲ್ಲಿ ಹಲವು ಬಸದಿಗಳನ್ನು ಕಟ್ಟಿಸಿದವಳು. 1121ರಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಚಿಕ್ಕಬೆಟ್ಟದ ದೊಡ್ಡ ಬಸದಿಗಳಲ್ಲಿ ಒಂದಾದ ಕತ್ತಲೆ ಬಸದಿಯನ್ನು ಗಂಗರಾಜನು ಕಟ್ಟಿಸಿದ್ದು ತಾಯಿ ಪೋಚಿಕಬ್ಬೆಗಾಗಿ. ಗಂಗರಾಜನ ಪತ್ನಿ ಲಕ್ಷ್ಮೀಮತಿ ಎರಡುಕಟ್ಟೆ ಬಸದಿಯನ್ನು ಮಾಡಿಸಿದಳು. ಆಕೆಯೂ 1121ರಲ್ಲಿ ಸಮಾಧಿ ಹೊಂದಿದಳು. ಅದಕ್ಕೆ ಒಂದು ವರ್ಷ ಮೊದಲು, 1120ರಲ್ಲಿ, ಆಕೆಯ ಸಹೋದರಿ ದೇಮತಿ ಸಮಾಧಿ ಹೊಂದಿದ್ದಳು. ನಾಲ್ಕು ಬಗೆಯ ದಾನಗಳಿಗೆ ದೇಮತಿ ಹೆಸರಾದವಳು. ಗಂಗರಾಜನ ಅತ್ತಿಗೆ ಜಕ್ಕಣಬ್ಬೆ ಬೆಳಗೊಳದಲ್ಲಿ ಕೆರೆ ಕಟ್ಟಿಸಿ ಬಂಡೆಯ ಮೇಲೆ ಜಿನಬಿಂಬಗಳನ್ನು ಕೆತ್ತಿಸಿದಳು. ಅದು ಜಕ್ಕಿಕಟ್ಟೆ ಎಂದೇ ಇಂದಿಗೂ ಕರೆಯಲ್ಪಡುತ್ತಿದೆ.

ಈ ಮಹಿಳೆಯರಲ್ಲಿ ಅತ್ತೆ ಸೊಸೆಯರಿದ್ದಾರೆ, ಅಕ್ಕ ತಂಗಿಯರಿದ್ದಾರೆ. ಒಬ್ಬರು ಬಸದಿ ಕಟ್ಟಿಸಿದ್ದನ್ನು ನೋಡಿ ಇನ್ನೊಬ್ಬರು, ಹಿರಿಯಳ ವ್ರತವನ್ನು ಕಂಡು ಕಿರಿಯಳು. ಬಸದಿ ಎಲ್ಲಿ ಇರಬೇಕು, ಯಾವ ತೀರ್ಥಂಕರರ ಬಿಂಬ, ಪೂಜೆಗೆ ಯಾವ ಊರನ್ನು ಬಿಡಬೇಕು, ಯಾವ ಗುರುಗಳಿಗೆ ಒಪ್ಪಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವ ಅಧಿಕಾರ ಮತ್ತು ಅನುಭವ ಈ ಹೆಂಗಸರಿಗೆ ಇತ್ತು. ಇಂತಹ ವಾತಾವರಣದಲ್ಲಿ ಶಾಂತಲೆ ಬಸದಿ ಕಟ್ಟಿಸಲು ಮುಂದಾದಳು.

ಸವತಿಗಂಧವಾರಣ ಬಸದಿ

ಶಾಂತಲೆಯ ಬಿರುದುಗಳಲ್ಲಿ ಸವತಿಗಂಧವಾರಣೆ ಎಂಬುದು ಬಹಳ ಪ್ರಸಿದ್ಧ. ಸವತಿಯರ ಪಾಲಿಗೆ ಮದ್ದಾನೆಯಂತಿದ್ದವಳು ಎಂದರ್ಥ. ಆ ಬಿರುದಿನಿಂದಲೇ ಬಸದಿಗೆ ಹೆಸರು ಬಂತು. ಶಕ ವರ್ಷ 1045, ಅಂದರೆ ಕ್ರಿ.ಶ. 1123ರ ಶಾಸನದ ಪ್ರಕಾರ ಈ ಬಸದಿಯನ್ನು ಮಾಡಿಸಿ, ಪೂಜೆಗೆ ಮತ್ತು ಮುನಿಗಳ ಆಹಾರದಾನಕ್ಕೆ ಕಲ್ಕಣಿನಾಡಿನ ಮೊಟ್ಟೆನವಿಲೆ ಗ್ರಾಮವನ್ನು ವಿಷ್ಣುವರ್ಧನನ ಒಪ್ಪಿಗೆಯಿಂದ ಶಾಂತಲೆ ಬಿಟ್ಟಳು. ದಾನವನ್ನು ಸ್ವೀಕರಿಸಿದವರು ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರು. ಬೇರೆ ದೇವರ ಭಕ್ತನಾದ ರಾಜನು ಹೆಂಡತಿಯ ಬಸದಿಗೆ ಮನಃಪೂರ್ವಕ ಒಪ್ಪಿಗೆ ಕೊಟ್ಟದ್ದೂ ಆ ಕಾಲದ ಸೌಹಾರ್ದಕ್ಕೆ ಸಾಕ್ಷಿ.

ಬಸದಿಗೆ ಗರ್ಭಗೃಹ, ಸುಖನಾಸಿ, ನವರಂಗಗಳಿವೆ. ಗರ್ಭಗೃಹದಲ್ಲಿ ಸುಮಾರು 5 ಅಡಿ ಎತ್ತರದ ಶಾಂತಿನಾಥ ಸ್ವಾಮಿಯ ಬಿಂಬ. ಸುಖನಾಸಿಯಲ್ಲಿ ಯಕ್ಷ ಕಿಂಪುರುಷ ಮತ್ತು ಯಕ್ಷಿ ಮಹಾಮಾನಸಿ. ಬೇಲೂರಿನ ಸೂಕ್ಷ್ಮ ಕೆತ್ತನೆಯನ್ನು ಕಂಡವರಿಗೆ ಈ ಬಸದಿಯ ಸರಳತೆ ಅಚ್ಚರಿ ತರುತ್ತದೆ. ಸಾಮ್ರಾಜ್ಯದ ಶ್ರೇಷ್ಠ ಶಿಲ್ಪಿಗಳು ಕೈಗೆಟುಕುವಂತಿದ್ದ ರಾಣಿ ತನ್ನ ಆರಾಧನೆಯ ಸ್ಥಳವನ್ನು ಅಲಂಕಾರದಿಂದ ತುಂಬಿಸಲಿಲ್ಲ. ಒಳಗೆ ಕುಳಿತರೆ ಕಣ್ಣು ಸೆಳೆಯುವುದು ಬಿಂಬ ಮಾತ್ರ. ಹದಿನಾರನೆಯ ತೀರ್ಥಂಕರರಾದ ಶಾಂತಿನಾಥರನ್ನು ಆರಿಸಿಕೊಂಡದ್ದು ಆಕೆಯ ಹೆಸರಿಗೂ ಒಪ್ಪುವಂತಿದೆ.

ಬಿರುದು ಅರಮನೆಯ ಸ್ಪರ್ಧೆಯನ್ನು ನೆನಪಿಸುತ್ತದೆ, ಬಿಂಬ ಶಾಂತಿಯನ್ನು ಹೇಳುತ್ತದೆ. ಅರಮನೆಯಲ್ಲಿ ಲಕ್ಷ್ಮೀದೇವಿ, ಬಮ್ಮಲದೇವಿ, ರಾಜಲದೇವಿ ಮೊದಲಾದ ರಾಣಿಯರೂ ಇದ್ದರು. ಮುಂದೆ ಪಟ್ಟಕ್ಕೆ ಬಂದ ಒಂದನೆಯ ನರಸಿಂಹನು ಲಕ್ಷ್ಮೀದೇವಿಯ ಮಗ. ಶಾಂತಲೆಯ ಹೆಸರು ಉಳಿದದ್ದು ಸಿಂಹಾಸನದ ಉತ್ತರಾಧಿಕಾರದಿಂದ ಅಲ್ಲ, ಆಕೆಯ ಕಲೆ, ಧರ್ಮ ಮತ್ತು ದಾನಗಳಿಂದ.

ಶಿವಗಂಗೆ, 1131

ಶಕ ವರ್ಷ 1053, ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸೋಮವಾರ. ಕ್ರಿ.ಶ. 1131. ಅಂದು ಶಿವಗಂಗೆಯ ತೀರ್ಥದಲ್ಲಿ ಶಾಂತಲಾದೇವಿ ಸ್ವರ್ಗಸ್ಥಳಾದಳು. ಶಿವಗಂಗೆ ಇಂದಿನ ನೆಲಮಂಗಲ ತಾಲ್ಲೂಕಿನಲ್ಲಿರುವ ಬೆಟ್ಟ, ಶೈವರ ಪುಣ್ಯಕ್ಷೇತ್ರ.

ಆ ಬೆಟ್ಟದ ತುದಿಯಿಂದ ಶಾಂತಲೆ ಧುಮುಕಿ ಪ್ರಾಣ ಬಿಟ್ಟಳೆಂಬ ಕಥೆ ಜನರಲ್ಲಿ ಹರಡಿದೆ. ಅಲ್ಲಿನ ಒಂದು ಸ್ಥಳವನ್ನು ಆಕೆಯ ಹೆಸರಿನಿಂದಲೇ ತೋರಿಸುವುದೂ ಉಂಟು. ಮಕ್ಕಳಿಲ್ಲದ ದುಃಖ, ಸವತಿಯರ ಮೇಲಿನ ಬೇಸರ ಎಂದೆಲ್ಲ ಅದಕ್ಕೆ ಕಾರಣಗಳನ್ನೂ ಹೇಳುತ್ತಾರೆ. ಶಾಸನದಲ್ಲಿ ಧುಮುಕಿದ ಮಾತೇ ಇಲ್ಲ. ಅಲ್ಲಿ ಬಳಸಿರುವ ಮುಡಿಪಿ ಎಂಬ ಪದ ಶ್ರವಣಬೆಳಗೊಳದ ಎಷ್ಟೋ ಸಮಾಧಿಮರಣದ ಶಾಸನಗಳಲ್ಲಿ ಬರುವ ಪದ. ವ್ರತದಿಂದ ದೇಹವನ್ನು ಬಿಡುವುದಕ್ಕೆ ಆ ಪದ ಸಲ್ಲುತ್ತಿತ್ತು. ಹೀಗಿರುವಾಗ ಸಮ್ಯಕ್ತ್ವಚೂಡಾಮಣಿಯೆನಿಸಿದ ಶ್ರಾವಕಿಯ ಕೊನೆಯನ್ನು ಹತಾಶೆಯ ಕಥೆಯಾಗಿ ಮಾತ್ರ ನಮ್ಮ ಮಕ್ಕಳಿಗೆ ಹೇಳುವುದು ಸರಿಯಲ್ಲ.

ತಾಯಿಯ ಒಂದು ತಿಂಗಳು

ಮಗಳ ಸುದ್ದಿ ತಾಯಿಗೆ ತಲುಪಿತು. ಮಾಚಿಕಬ್ಬೆಗೆ ಆಗ ಮೊಮ್ಮಕ್ಕಳನ್ನು ಕಾಣುವ ವಯಸ್ಸು. ತಾನು ಎತ್ತಿ ಆಡಿಸಿದ ಮಗು, ಗಂಧೋದಕ ಹಚ್ಚಿದ ತಲೆ, ತನಗಿಂತ ಮೊದಲು ಹೋಯಿತು. ಮಗಳಿಲ್ಲದ ಮೇಲೆ ತಾನು ಉಳಿಯಲಾರೆನೆಂದು ಆ ತಾಯಿಗೆ ಅನಿಸಿತೆಂದು ಶಾಸನ ಹೇಳುತ್ತದೆ. ತಾಯಿಯ ದುಃಖವನ್ನು ಅದು ಮುಚ್ಚಿಡುವುದಿಲ್ಲ.

ಆದರೆ ಮಾಚಿಕಬ್ಬೆ ದುಃಖದ ಕೈಗೆ ತನ್ನನ್ನು ಒಪ್ಪಿಸಿಕೊಳ್ಳಲಿಲ್ಲ. ಬೆಳಗೊಳಕ್ಕೆ ಬಂದಳು. ಗುರುಗಳಾದ ಪ್ರಭಾಚಂದ್ರ, ವರ್ಧಮಾನ ಮತ್ತು ರವಿಚಂದ್ರ ದೇವರ ಸಮ್ಮುಖದಲ್ಲಿ ಸನ್ಯಸನ ವ್ರತ ತೆಗೆದುಕೊಂಡಳು. ಬಂಧುಗಳನ್ನು ಬೀಳ್ಕೊಟ್ಟಳು. ಅರೆಮುಚ್ಚಿದ ಕಣ್ಣುಗಳಿಂದ, ಪಂಚನಮಸ್ಕಾರವನ್ನು ಜಪಿಸುತ್ತಾ, ಜಿನೇಂದ್ರನನ್ನು ಧ್ಯಾನಿಸುತ್ತಾ ಒಂದು ತಿಂಗಳ ಉಪವಾಸವನ್ನು ಪೂರೈಸಿ ದೇಹ ಬಿಟ್ಟಳು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ದುಃಖ ತಾಳಲಾರದೆ ತಟಕ್ಕನೆ ಪ್ರಾಣ ಕಳೆದುಕೊಳ್ಳುವುದನ್ನು ಜಿನಧರ್ಮ ಒಪ್ಪುವುದಿಲ್ಲ. ಅದು ಕಷಾಯದಿಂದ ಆಗುವ ಕೃತ್ಯ. ಸಲ್ಲೇಖನದಲ್ಲಿ ಕಾಯವನ್ನು ಕೃಶ ಮಾಡುವುದರ ಜೊತೆಗೆ ಕಷಾಯಗಳನ್ನೂ ಕೃಶ ಮಾಡಬೇಕು. ಗುರುಗಳ ಅನುಮತಿ ಬೇಕು, ಎಲ್ಲರಲ್ಲಿ ಕ್ಷಮೆ ಕೇಳಬೇಕು, ಎಲ್ಲರನ್ನೂ ಕ್ಷಮಿಸಬೇಕು, ಮಮತೆಯನ್ನೂ ಬಿಡಬೇಕು. ಬದುಕಬೇಕೆಂಬ ಆಸೆಯಂತೆ ಬೇಗ ಸಾಯಬೇಕೆಂಬ ಆಸೆಯೂ ಅಲ್ಲಿ ಅತಿಚಾರವೇ, ಅಂದರೆ ವ್ರತಕ್ಕೆ ಬರುವ ದೋಷವೇ. ಮಾಚಿಕಬ್ಬೆ ಬೆಳಗೊಳಕ್ಕೆ ಬಂದಾಗ ಮಗಳ ಅಗಲಿಕೆಯ ನೋವಿನಿಂದ ಬಂದಿರಬಹುದು. ಆದರೆ ಆ ತಿಂಗಳ ಕೊನೆಯಲ್ಲಿ ಶಾಸನ ನಮಗೆ ತೋರಿಸುವುದು ಅಳುವ ತಾಯಿಯನ್ನಲ್ಲ, ಶಾಂತಚಿತ್ತದ ಸಾಧಕಿಯನ್ನು. ಮಗಳಿಗೆ ತಾನು ಕಲಿಸಿದ ಪಾಠವನ್ನು ತಾಯಿ ಮೂವತ್ತು ದಿನಗಳಲ್ಲಿ ತಾನೇ ಮತ್ತೊಮ್ಮೆ ಕಲಿತಳು.

ಮುಂದಿನ ತಲೆಮಾರುಗಳು

ಈ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ವಿಷ್ಣುವರ್ಧನನ ಮಗಳು ಹರಿಯಬ್ಬರಸಿಯು ಗಂಡವಿಮುಕ್ತ ಸಿದ್ಧಾಂತದೇವರ ಶಿಷ್ಯೆ. ಆಕೆ 1130ರಲ್ಲಿ ಹಂತಿಯೂರಿನಲ್ಲಿ ರತ್ನಖಚಿತ ಶಿಖರಗಳ ಎತ್ತರದ ಚೈತ್ಯಾಲಯವನ್ನು ಕಟ್ಟಿಸಿ ಭೂಮಿಯನ್ನು ಬಿಟ್ಟಳು. ಶಾಂತಲೆಯ ಅಗಲಿಕೆಗೆ ಎರಡು ವರ್ಷದ ನಂತರ, 1133ರಲ್ಲಿ, ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗೆ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಅದರ ಗಂಧೋದಕ ಮತ್ತು ಶೇಷೆ ಬಂದ ಸಮಯಕ್ಕೆ ವಿಷ್ಣುವರ್ಧನನಿಗೆ ಯುದ್ಧದ ಜಯವೂ ಮಗ ಹುಟ್ಟಿದ ಸುದ್ದಿಯೂ ಸೇರಿ ಬಂದವು. ರಾಜನು ಅವನ್ನು ಭಕ್ತಿಯಿಂದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ.

ಐವತ್ತು ವರ್ಷಗಳ ನಂತರ, ಎರಡನೆಯ ಬಲ್ಲಾಳನ ಕಾಲದಲ್ಲಿ, ಮಾಚಿಕಬ್ಬೆಯ ಸಂಸಾರದಂತಹದೇ ಇನ್ನೊಂದು ಸಂಸಾರ ಕಾಣಸಿಗುತ್ತದೆ. ಮಂತ್ರಿ ಚಂದ್ರಮೌಳಿ ಶೈವ ಬ್ರಾಹ್ಮಣ. ಅವನ ಪತ್ನಿ ಆಚಿಯಕ್ಕ ಜೈನ ಶ್ರಾವಕಿ. ಶ್ರವಣಬೆಳಗೊಳದ ಊರಿನೊಳಗಿರುವ ಅಕ್ಕನ ಬಸದಿಯನ್ನು 1181ರಲ್ಲಿ ಪಾರ್ಶ್ವನಾಥ ಸ್ವಾಮಿಗಾಗಿ ಕಟ್ಟಿಸಿದವಳು ಈ ಆಚಿಯಕ್ಕ. ಆ ಬಸದಿಗೆ ಊರನ್ನು ಬಿಡಿಸಿಕೊಡುವಂತೆ ರಾಜನಲ್ಲಿ ಕೇಳಿಕೊಂಡವನು ಶಿವಭಕ್ತನಾದ ಅವಳ ಗಂಡನೇ.

ಅಜ್ಜಿಯ ಹೆಸರು

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ, ಬಹಳಷ್ಟು ವಿಸ್ತರಿಸಿ 1923ರಲ್ಲಿ ಹೊರತಂದರು. ಆ ಶ್ರಮದಿಂದಾಗಿ ಬೆಟ್ಟದ ಮೇಲಿನ ಕಲ್ಲು ಓದಲಾರದವರಿಗೂ ಬಾಚಿಕಬ್ಬೆ, ಮಾಚಿಕಬ್ಬೆಯರ ಹೆಸರು ತಿಳಿಯುವಂತಾಯಿತು.

ನಮ್ಮಲ್ಲಿ ಹೆಚ್ಚಿನವರು ತಂದೆಯ ತಂದೆ, ಅವರ ತಂದೆಯ ಹೆಸರನ್ನು ಹೇಳಬಲ್ಲೆವು. ತಾಯಿಯ ತಾಯಿಯ ಹೆಸರು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಅವರ ತಾಯಿಯ ಹೆಸರು ಕೇಳಿದರೆ ಮೌನ. ನಮೋಕಾರ ಮಂತ್ರವನ್ನು ಮೊದಲು ಬಾಯಿಗೆ ಹಚ್ಚಿದವರು, ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡುವುದನ್ನು ಕಲಿಸಿದವರು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ರೂಢಿ ಹಾಕಿದವರು, ಬಸದಿಯ ಮುಂದೆ ರಂಗೋಲಿ ಎಳೆಯುವಾಗ ಪಕ್ಕದಲ್ಲಿ ಕೂರಿಸಿಕೊಂಡವರು, ಹಾಡಿನ ಪುಸ್ತಕವನ್ನು ಕೈಯಲ್ಲಿ ಬರೆದು ಇಟ್ಟವರು ಬಹುಪಾಲು ಅವರೇ. ಮನೆಯ ಹೆಣ್ಣುಮಗಳು ಹಾಡುಗಾರ್ತಿಯಾದರೆ, ಲೇಖಕಿಯಾದರೆ, ವಿದ್ವಾಂಸೆಯಾದರೆ ಅದರ ಬೇರು ಅಲ್ಲಿರುತ್ತದೆ.

ಸುಮಾರು ಒಂಬೈನೂರು ವರ್ಷಗಳ ಹಿಂದೆ ಆ ಶಾಸನವನ್ನು ಬರೆಸಿದವರು ರಾಣಿಯ ಬಗ್ಗೆ ಹೇಳಿ ಮುಗಿಸಬಹುದಾಗಿತ್ತು. ಅವರು ತಾಯಿಯ ಹೆಸರು ಬರೆಸಿದರು, ತಾಯಿಯ ತಾಯಿಯ ಹೆಸರು ಬರೆಸಿದರು, ಅವಳ ಅತ್ತೆಯ ಹೆಸರನ್ನೂ ಬರೆಸಿದರು. ಮುಂದಿನ ಬಾರಿ ಚಿಕ್ಕಬೆಟ್ಟಕ್ಕೆ ಹೋದಾಗ ಶಾಂತಿನಾಥ ಸ್ವಾಮಿಯ ದರ್ಶನದ ನಂತರ ಆ ಮಂಟಪದ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಮನೆಗೆ ಬಂದ ಮೇಲೆ ನಮ್ಮ ಮನೆಯ ಬಾಚಿಕಬ್ಬೆ, ಮಾಚಿಕಬ್ಬೆಯರ ಹೆಸರುಗಳನ್ನು ಹಿರಿಯರಿಂದ ಕೇಳಿ, ಮಕ್ಕಳ ಕೈಯಿಂದ ಒಂದು ಪುಸ್ತಕದಲ್ಲಿ ಬರೆಸಿಡೋಣ.